ಅಕ್ಷರಭಾಗದಿಂದ ಅಕ್ಷರಕ್ಕೆ: ಕನ್ನಡ ಪಠ್ಯವಿನಿಮಯದ ಸಂಕೇತಚರಿತ್ರೆ

ಪರಸ್ಪರ ಸ್ವತಂತ್ರವಾದ ಎರಡು ಗಣಕವ್ಯವಸ್ಥೆಗಳು ಒಂದು ಪಠ್ಯವನ್ನು ವಿನಿಮಯ ಮಾಡಿಕೊಳ್ಳಬೇಕಾದರೆ ಮೂರು ಸಂಗತಿಗಳಲ್ಲಿ ಅವುಗಳಿಗೆ ಮೊದಲೇ ಒಪ್ಪಂದವಿರಬೇಕು: ಬರೆಹದ ಘಟಕ ಯಾವುದು, ಘಟಕಗಳ ಕ್ರಮ ಯಾವುದು, ಯಾವ ಎರಡು ಸರಣಿಗಳು ಒಂದೇ ಎಂದು ಪರಿಗಣಿತವಾಗಬೇಕು. ಇವು ತಂತ್ರಜ್ಞರ ಪ್ರಶ್ನೆಗಳಂತೆ ತೋರಿದರೂ ಮೂಲತಃ ಲಿಪಿವಿಜ್ಞಾನ ಮತ್ತು ಧ್ವನಿವಿಜ್ಞಾನಕ್ಕೆ ಸೇರಿದವು. ಕನ್ನಡದ ಸಂದರ್ಭದಲ್ಲಿ ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳು ಇಂದಿನ ಪಠ್ಯಸಂಚಯಗಳ ವಿಶ್ವಾಸಾರ್ಹತೆಯನ್ನು ಹೇಗೆ ನಿರ್ಧರಿಸಿವೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಐಎಸ್ 13194 ಎಂಬ ಸಂಖ್ಯೆಯಡಿ ಪ್ರಕಟಿಸಿದ ‘ಇಸ್ಕಿ’ ಸಂಕೇತವು ಬ್ರಾಹ್ಮೀಮೂಲದ ಲಿಪಿಗಳಿಗೆ ಸಮಾನವಾದ ಒಂದು ವರ್ಣಮಾಲೆಯನ್ನು ಕಲ್ಪಿಸಿತು. ಅದರಲ್ಲಿ ‘ಕ’ಕಾರಕ್ಕೆ ಕನ್ನಡದಲ್ಲಿಯೂ ದೇವನಾಗರಿಯಲ್ಲಿಯೂ 179 ಎಂಬ ಒಂದೇ ಸಂಕೇತ, ಲಿಪಿಭೇದವು ತೋರಿಕೆಯ ಹಂತದ ವಿಷಯ. ದ್ರಾವಿಡ ಭಾಷೆಗಳಿಗೆ ಅವಶ್ಯವಾದ ಹ್ರಸ್ವ ಎಕಾರ, ಒಕಾರಗಳಿಗೂ ಅದರಲ್ಲಿ ಪ್ರತ್ಯೇಕ ಸ್ಥಾನವಿತ್ತು. ಘಟಕವು ವರ್ಣ, ಕ್ರಮವು ಉಚ್ಚಾರಣೆಯ ಕ್ರಮ ಎಂಬುದು ಈ ಶಿಷ್ಟತೆಯ ಆಧಾರತತ್ತ್ವ.

ಆದರೆ ಮುದ್ರಣ ಮತ್ತು ಕಚೇರಿಗಳ ನಿತ್ಯವ್ಯವಹಾರ ಬೇರೆ ದಾರಿ ಹಿಡಿಯಿತು. ಶ್ರೀಲಿಪಿ, ಆಕೃತಿ ಮೊದಲಾದ ತಂತ್ರಾಂಶಗಳು, 1998ರಲ್ಲಿ ಹೊರಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವೆಲ್ಲವೂ ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದ ಫಾಂಟುಗಳನ್ನು ಬಳಸಿದವು. ಇಲ್ಲಿ ಘಟಕವು ವರ್ಣವಲ್ಲ, ಆಕಾರ. ನುಡಿ ಮತ್ತು ಬರಹಗಳ ಹಳೆಯ ಫಾಂಟುಗಳಲ್ಲಿ ‘ಕನ್ನಡ’ ಎಂಬ ಪದಕ್ಕೆ ಏಳು ಸಂಕೇತಗಳು: ಕಕಾರದ ಒಡಲು, ತಲೆಕಟ್ಟು, ನಕಾರದ ಒಡಲು, ತಲೆಕಟ್ಟು, ನಕಾರದ ಒತ್ತು, ಡಕಾರದ ಒಡಲು, ಮತ್ತೆ ತಲೆಕಟ್ಟು. ‘ಕರ್ನಾಟಕ’ದಲ್ಲಿ ಸಮಸ್ಯೆ ಇನ್ನೂ ಆಳವಾಗಿದೆ. ಉಚ್ಚಾರಣೆಯಲ್ಲಿ ನಕಾರಕ್ಕಿಂತ ಮುಂಚೆ ಬರುವ ರೇಫವು ಅರ್ಕಾವತ್ತಿನ ರೂಪದಲ್ಲಿ ‘ನಾ’ ಆದ ಮೇಲೆ ಸಂಗ್ರಹವಾಗುತ್ತದೆ. ಕಣ್ಣಿಗೆ ಸರಿಯಾಗಿಯೇ ಕಾಣುವ ಈ ಪಠ್ಯದಲ್ಲಿ ಅಕಾರಾದಿ ಜೋಡಣೆ ಕೆಡುತ್ತದೆ; ವ್ಯಂಜನಗುಚ್ಛಗಳನ್ನು ಎಣಿಸಹೊರಟವರಿಗೆ ತಲೆಕೆಳಗಾದ ಕ್ರಮ ದೊರೆಯುತ್ತದೆ. ಫಾಂಟಿನ ಹೆಸರು ಕಡತದಿಂದ ಬೇರ್ಪಟ್ಟರಂತೂ ಉಳಿಯುವುದು ರೋಮನ್ ಅಕ್ಷರಗಳ ಗೊಂದಲ ಮಾತ್ರ. ಪಡೆದ ದತ್ತಾಂಶವು ಕನ್ನಡವೇ ಎಂಬುದನ್ನು ಪರಿಶೀಲಿಸುವ ಆಧಾರವು ದತ್ತಾಂಶದೊಳಗೇ ಇರಲಿಲ್ಲ.

1991ರಲ್ಲಿಯೇ ಮೊದಲ ಆವೃತ್ತಿ ಕಂಡ ಯೂನಿಕೋಡ್, ಇಸ್ಕಿಯ 1988ರ ರೂಪವನ್ನು ಆಧರಿಸಿ ಭಾರತೀಯ ಲಿಪಿಗಳಿಗೆ ಪ್ರತ್ಯೇಕ ವಲಯಗಳನ್ನು ನೀಡಿತು. ಘಟಕ ಮತ್ತು ಕ್ರಮದ ಪ್ರಶ್ನೆಗಳು ಇದರಿಂದ ಬಹುಮಟ್ಟಿಗೆ ಇತ್ಯರ್ಥಗೊಂಡವು. ಉಳಿದದ್ದು ಮೂರನೆಯದು, ಸಮಾನತೆಯ ಪ್ರಶ್ನೆ. ಕನ್ನಡದ ಐದು ಸ್ವರಚಿಹ್ನೆಗಳನ್ನು, ಅಂದರೆ ಈ, ಏ, ಐ, ಒ, ಓ ಕಾರಗಳ ಚಿಹ್ನೆಗಳನ್ನು, ಇಡಿಯಾಗಿಯೂ ಬಿಡಿಭಾಗಗಳ ಜೋಡಣೆಯಾಗಿಯೂ ಬರೆಯಬಹುದು. ‘ಕೋಶ’ ಎಂಬ ಪದವು ಸಂಯೋಜಿತ ರೂಪದಲ್ಲಿ ಮೂರು ಸಂಕೇತಗಳು. ವಿಭಜಿತ ರೂಪದಲ್ಲಿ ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘಚಿಹ್ನೆಗಳು ಬಿಡಿಬಿಡಿಯಾಗಿ ಸೇರಿ ಐದು. ಯುಟಿಎಫ್-8 ವಿಧಾನದಲ್ಲಿ ಮೊದಲನೆಯದು 9 ಬೈಟು, ಎರಡನೆಯದು 15 ಬೈಟು. ಓದುಗನಿಗೆ ಭೇದವೇ ಕಾಣದು; ಬೈಟುಗಳನ್ನು ಮಾತ್ರ ಹೋಲಿಸುವ ಯಂತ್ರಕ್ಕೆ ಇವು ಎರಡು ಬೇರೆ ಪದಗಳು. ಇದು ಕೇವಲ ತಾತ್ತ್ವಿಕ ಸಾಧ್ಯತೆಯಲ್ಲ: ಆಪಲ್ ಗಣಕಗಳ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆಯು ಕಡತಗಳ ಹೆಸರನ್ನು ವಿಭಜಿತ ರೂಪದಲ್ಲಿಯೇ ಇರಿಸುತ್ತಿತ್ತು. ಎರಡು ರೂಪಗಳನ್ನು ಒಂದಕ್ಕೆ ತರುವ ವಿಧಿಯೇ ನಾರ್ಮಲೈಸೇಶನ್ ಎಂಬ ಏಕರೂಪೀಕರಣ. ಗ್ರಂಥಸಂಪಾದಕನು ಪಾಠಾಂತರಗಳನ್ನು ತೂಗುವ ಮುನ್ನ ಪ್ರತಿಕಾರನ ಕೈಬರಹದ ಭೇದವನ್ನು ಬದಿಗಿಡುವಂತೆ, ಪದಗಳನ್ನು ಎಣಿಸುವ ಮುನ್ನ ಇದು ನಡೆಯಬೇಕು.

ಒಪ್ಪಂದವು ಬಾಳಬೇಕಾದರೆ ಅದು ಬದಲಾಗಬಾರದು. ಈ ನಿಯಮದ ಬೆಲೆಯನ್ನು ಹಳಗನ್ನಡದ ೞಕಾರ ತೆತ್ತಿದೆ. ‘ಏೞ್’ ‘ಏಳು’ ಆದಂತೆ, ‘ಕೋೞಿ’ ‘ಕೋಳಿ’ ಆದಂತೆ ಳಕಾರದಲ್ಲಿ ಲೀನವಾದ ಈ ವರ್ಣಕ್ಕೆ ಯೂನಿಕೋಡಿನಲ್ಲಿ ಸ್ಥಾನವೇನೋ ದೊರೆಯಿತು; ಆದರೆ ಅಧಿಕೃತ ಹೆಸರು ‘ಕನ್ನಡ ಲೆಟರ್ ಫ’ ಎಂದು ತಪ್ಪಾಗಿ ದಾಖಲಾಯಿತು. ಒಮ್ಮೆ ನೀಡಿದ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಿದ್ದುಪಡಿಯನ್ನು ಪರ್ಯಾಯನಾಮವಾಗಿ ಸೇರಿಸಲಾಗಿದೆಯೇ ಹೊರತು ಮೂಲನಾಮವು ಹಾಗೆಯೇ ಉಳಿದಿದೆ. ನಿಜವಾದ ಫ಼ಕಾರವನ್ನು ಬರೆಯಲು ಬೇಕಾದ ನುಕ್ತವು ಕನ್ನಡ ವಲಯಕ್ಕೆ ಬಂದದ್ದು 2003ರ 4.0 ಆವೃತ್ತಿಯಲ್ಲಿ. ಹೆಸರುಗಳನ್ನು ನಂಬಿ ವರ್ಣಗಳನ್ನು ವರ್ಗೀಕರಿಸುವ ತಂತ್ರಾಂಶವು ಇಂದಿಗೂ ಹಳಗನ್ನಡ ಪಠ್ಯಗಳಲ್ಲಿ ಪರಭಾಷೆಯ ಘರ್ಷಧ್ವನಿಯೊಂದನ್ನು ‘ಕಂಡುಹಿಡಿಯ’ಬಲ್ಲದು. ಶಿಷ್ಟತೆಯೊಂದು ಸ್ಥಿರಗೊಳ್ಳುವ ಮುನ್ನ ಭಾಷಾತಜ್ಞರ ಪರಿಶೀಲನೆ ಏಕೆ ಅನಿವಾರ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಏಕರೂಪೀಕರಣಕ್ಕೂ ಮಿತಿಯಿದೆ. ‘ರ‍್ಯಾಂಕ್’ ಎಂದು ಬರೆಯಲು ರಕಾರದ ಬಳಿಕ ಕಣ್ಣಿಗೆ ಕಾಣದ ಜೋಡಕಸಂಕೇತವೊಂದನ್ನು ಸೇರಿಸಬೇಕು. ಸೇರಿಸದಿದ್ದರೆ ಅದೇ ಪದವು ‘ರ್ಯಾಂಕ್’ ಎಂದು ಅರ್ಕಾವತ್ತಿನೊಡನೆ ಮೂಡುತ್ತದೆ. ಉಚ್ಚಾರಣೆ ಒಂದೇ ಆದರೂ ಯೂನಿಕೋಡಿನ ವಿಧಿಯು ಇವೆರಡನ್ನು ಸಮವೆಂದು ಎಣಿಸುವುದಿಲ್ಲ. ಹಾಗೆಯೇ ಅನುಸ್ವಾರದ ಸ್ಥಾನದಲ್ಲಿ ಕನ್ನಡದ ಸೊನ್ನೆಯನ್ನು ಒತ್ತಿದ ‘ಕ೦ಬ’ವು ಕಣ್ಣಿಗೆ ‘ಕಂಬ’ವೇ, ಯಂತ್ರಕ್ಕೆ ಅದು ನಡುವೆ ಅಂಕಿಯುಳ್ಳ ಸರಣಿ. ‘ಅಂಕ’ ಮತ್ತು ‘ಅಙ್ಕ’ಗಳ ಭೇದವಾದರೋ ಸಂಕೇತಭೇದವೇ ಅಲ್ಲ, ಲೇಖನಸಂಪ್ರದಾಯದ ಭೇದ; ಶಾಸನಪಾಠಗಳಲ್ಲಿ ಅದನ್ನು ಅಳಿಸಿದರೆ ಸಾಕ್ಷ್ಯವೇ ನಾಶವಾಗುತ್ತದೆ. ಮೊದಲನೆಯದನ್ನು ಹುಡುಕುವಾಗ ಸಮೀಕರಿಸಬೇಕು, ಎರಡನೆಯದನ್ನು ತಿದ್ದಬೇಕು, ಮೂರನೆಯದನ್ನು ಕಾಪಾಡಬೇಕು. ಈ ವಿವೇಕವನ್ನು ಯಾವ ಶಿಷ್ಟತೆಯೂ ತಾನಾಗಿ ಒದಗಿಸಲಾರದು.

ಆದುದರಿಂದ ಕನ್ನಡ ಪಠ್ಯಸಂಚಯವನ್ನು ಆಧರಿಸಿದ ಯಾವುದೇ ಅಧ್ಯಯನವು ತನ್ನ ಪಠ್ಯಗಳು ಯಾವ ಸಂಕೇತದಿಂದ ಪರಿವರ್ತಿತವಾದವು, ಯಾವ ರೂಪಕ್ಕೆ ಏಕರೂಪೀಕೃತವಾದವು, ಯಾವ ಭೇದಗಳನ್ನು ಉದ್ದೇಶಪೂರ್ವಕವಾಗಿ ಉಳಿಸಿಕೊಳ್ಳಲಾಯಿತು ಎಂಬುದನ್ನು ನಮೂದಿಸತಕ್ಕದ್ದು. ಹಸ್ತಪ್ರತಿಗಳ ಪರಿಚಯವಿಲ್ಲದ ಗ್ರಂಥಸಂಪಾದನೆಯನ್ನು ನಮ್ಮ ವಿದ್ವತ್ಪರಂಪರೆ ಒಪ್ಪುವುದಿಲ್ಲ. ಗಣಕಪಠ್ಯವೂ ಪ್ರತಿಯಿಂದ ಪ್ರತಿಗೆ ಸಾಗಿಬಂದ ಪಠ್ಯವೇ. ಅದರ ಪ್ರತಿಪರಂಪರೆಯನ್ನು ಹೇಳದೆ ನೀಡಿದ ಪದಸಂಖ್ಯೆಯನ್ನು ಇನ್ನೊಬ್ಬ ಸಂಶೋಧಕನು ಪರೀಕ್ಷಿಸಿ ನೋಡಲಾರ.