ಗಡಿ ಬರುವ ಮುಂಚಿನ ಬಸ್ಸು

ಮಾದಾಪುರದಿಂದ ಸಿಟಿ ಬಸ್ಸಿನಲ್ಲಿ ಇಮ್ಲಿಬನ್ನಿಗೆ ಹೋಗಿ, ಅಲ್ಲಿ ಬೀದರ, ಕಲಬುರಗಿ, ರಾಯಚೂರಿನ ಬಸ್ಸು ಹತ್ತುವ ನಮ್ಮ ಮಕ್ಕಳಿಗೆ ಅದು ಅಂತರರಾಜ್ಯ ಪ್ರಯಾಣ. ನಮ್ಮ ಹಿರಿಯರಿಗೆ ಹಾಗಿರಲಿಲ್ಲ. 1932ರಲ್ಲಿ ನಿಜಾಮ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗವು 27 ಬಸ್ಸು, 166 ನೌಕರರೊಡನೆ ಆರಂಭವಾದಾಗ ಈ ಮೂರು ಜಿಲ್ಲೆಗಳೂ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. ಅಲ್ಲಿನ ಕನ್ನಡ ವಿದ್ಯಾರ್ಥಿಗಳಿಗೂ ಸಂಸ್ಥಾನದ ವಿಶ್ವವಿದ್ಯಾಲಯವೆಂದರೆ 1918ರ ಉಸ್ಮಾನಿಯಾ, ಪಾಠವೆಲ್ಲ ಉರ್ದುವಿನಲ್ಲಿ.

1956ರ ನವೆಂಬರ್ 1ರಂದು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕನ್ನಡಕ್ಕೆ ಮನೆ ಸಿಕ್ಕಿತು. ದಾರಿಗೆ ಮಾತ್ರ ಗಡಿ ಬಂತು. 1980ರಲ್ಲಿ ಕಲಬುರಗಿಗೇ ವಿಶ್ವವಿದ್ಯಾಲಯ ಬಂದರೂ ಓದಿಗೆ, ಉದ್ಯೋಗಕ್ಕೆ ಹೈದರಾಬಾದಿಗೆ ಬರುವುದು ನಿಲ್ಲಲಿಲ್ಲ. ಈ ಊರಿನಲ್ಲಿ ಕನ್ನಡಿಗರು ನಿನ್ನೆ ಬಂದ ನೆಂಟರಲ್ಲ. ಮಕ್ಕಳಿಗೆ ಟಿಕೆಟ್ಟಿನ ಹಣದೊಡನೆ ಈ ಮಾತನ್ನೂ ಹೇಳಿ ಕಳುಹಿಸೋಣ.