ಚೀನೀ ರಾಜಾಸ್ಥಾನದ ಪದವಿ ಲಾಂಛನಗಳು

ಅಧಿಕಾರಿಗಳಲ್ಲಿ ಯಾರು ಮೇಲಿನವರು, ಯಾರು ಕೆಳಗಿನವರು ಎಂಬುದನ್ನು ನೋಡಿದ ಮಾತ್ರಕ್ಕೆ ತಿಳಿಸುವ ಏರ್ಪಾಡು ದೊಡ್ಡ ರಾಜ್ಯಗಳಿಗೆಲ್ಲ ಬೇಕಾಗಿದ್ದಿತು. ಚೀನ ದೇಶದಲ್ಲಿ ಈ ಕಾರ್ಯವು ಬಹುಮಟ್ಟಿಗೆ ಕಸೂತಿಯ ಪಾಲಿಗೆ ಬಂದಿತು. ಅಧಿಕಾರಿಯ ಎದೆಯ ಮೇಲೂ ಬೆನ್ನಿನ ಮೇಲೂ ಶೋಭಿಸುತ್ತಿದ್ದ ಚೌಕಾಕಾರದ ರೇಷ್ಮೆಯ ಲಾಂಛನಕ್ಕೆ ಅಲ್ಲಿ ‘ಬುಜಿ’ ಎಂದು ಹೆಸರು. ಐದು ಶತಮಾನಗಳಿಗೂ ಮಿಕ್ಕಿ ಬಾಳಿದ ಇದರ ಚರಿತ್ರೆಯು ಕೇವಲ ಉಡುಪಿನ ಚರಿತ್ರೆಯಲ್ಲ. ಪದವಿಗೂ ಯೋಗ್ಯತೆಗೂ ಇದ್ದ ಸಂಬಂಧವು ಕಾಲಕ್ರಮದಲ್ಲಿ ಹೇಗೆ ಸಡಿಲವಾಯಿತೆಂಬುದನ್ನೂ ಅದು ತಿಳಿಸುತ್ತದೆ.

1368ರಲ್ಲಿ ಮಿಂಗ್ ವಂಶವನ್ನು ಸ್ಥಾಪಿಸಿದ ಹಾಂಗ್‌ವು ಚಕ್ರವರ್ತಿಯ ಆಳ್ವಿಕೆಯಲ್ಲಿ, 1391ನೆಯ ವರ್ಷ, ಈ ಲಾಂಛನಗಳು ಶಾಸನಬದ್ಧವಾದುವು. ಆಡಳಿತಾಧಿಕಾರಿಗಳಿಗೆ ಪಕ್ಷಿಗಳೂ ಸೇನಾಧಿಕಾರಿಗಳಿಗೆ ಮೃಗಗಳೂ ಗೊತ್ತಾದುವು. ಪಕ್ಷಿಯು ವಿದ್ಯೆ ಸಂಸ್ಕಾರಗಳ ಕುರುಹು, ಮೃಗವು ಶೌರ್ಯದ ಕುರುಹು. 1644ರಲ್ಲಿ ಬೀಜಿಂಗ್ ನಗರವನ್ನು ಹಿಡಿದ ಮಂಚೂ ಜನರು ಚೀನೀ ಪುರುಷರ ತಲೆಗೂದಲಿನ ರೀತಿಯನ್ನೂ ಅಧಿಕಾರಿಗಳ ಉಡುಪಿನ ಮಾದರಿಯನ್ನೂ ಬಲವಂತದಿಂದ ಬದಲಿಸಿದರು. ಆದರೆ ಪದವಿ ಲಾಂಛನವನ್ನು ಮಾತ್ರ ತೊಡೆದುಹಾಕಲಿಲ್ಲ. ಅವರ ಚಿಂಗ್ ಸರ್ಕಾರವು 1652ರಲ್ಲಿ ತನ್ನದೇ ಆದ ನಿಯಮಗಳನ್ನು ಹೊರಡಿಸಿತು. ಗೆದ್ದವರಿಗೂ ಗೆಲ್ಲಲ್ಪಟ್ಟವರ ಅಧಿಕಾರ ಶ್ರೇಣಿಯಿಲ್ಲದೆ ರಾಜ್ಯಭಾರ ಸಾಗದೆಂಬುದಕ್ಕೆ ಇದು ಸಾಕ್ಷಿ.

ಚಿಂಗ್ ಪದ್ಧತಿಯಲ್ಲಿ ಆಡಳಿತಾಧಿಕಾರಿಗಳ ಒಂಬತ್ತು ದರ್ಜೆಗಳಿದ್ದುವು. ಮೊದಲನೆಯ ದರ್ಜೆಗೆ ಕ್ರೌಂಚ, ಎರಡನೆಯದಕ್ಕೆ ಹೊಂಬಣ್ಣದ ಫೆಸೆಂಟ್ ಪಕ್ಷಿ, ಮೂರನೆಯದಕ್ಕೆ ನವಿಲು, ನಾಲ್ಕನೆಯದಕ್ಕೆ ಕಾಡುಹೆಬ್ಬಾತು, ಐದನೆಯದಕ್ಕೆ ಬೆಳ್ಳಿಬಣ್ಣದ ಫೆಸೆಂಟ್, ಆರನೆಯದಕ್ಕೆ ಬೆಳ್ಳಕ್ಕಿ, ಏಳನೆಯದಕ್ಕೆ ಮ್ಯಾಂಡರಿನ್ ಬಾತು, ಎಂಟನೆಯದಕ್ಕೆ ಲಾವುಗೆ, ಒಂಬತ್ತನೆಯದಕ್ಕೆ ನೀಳಬಾಲದ ನೊಣಹಿಡುಕ ಹಕ್ಕಿ. ಸೇನಾಧಿಕಾರಿಗಳ ಶ್ರೇಣಿಯಲ್ಲಿ ‘ಚಿಲಿನ್’ ಎಂಬ ಕಾಲ್ಪನಿಕ ಮೃಗದ ಕೆಳಗೆ ಸಿಂಹ, ಚಿರತೆ, ಹುಲಿ, ಕರಡಿ ಮೊದಲಾದುವು ಬರುತ್ತಿದ್ದುವು. ಅಧಿಕಾರಿಗಳ ತಪ್ಪುಗಳನ್ನು ವಿಚಾರಿಸುವ ತನಿಖಾಧಿಕಾರಿಗಳಿಗೆ ಈ ಎರಡು ಶ್ರೇಣಿಗಳ ಹೊರಗಿನ ಲಾಂಛನವೊಂದಿತ್ತು: ‘ಶಿಯೆಜಿ’ ಎಂಬ ಒಂಟಿ ಕೊಂಬಿನ ಪ್ರಾಣಿ. ಅದು ನಿರಪರಾಧಿಯನ್ನು ಬಿಟ್ಟು ಅಪರಾಧಿಯನ್ನೇ ತಿವಿಯುವುದೆಂದು ಚೀನೀಯರ ನಂಬಿಕೆ.

ಲಾಂಛನದ ರಚನೆಯೂ ಅರ್ಥಗರ್ಭಿತವಾದುದು. ಕೆಳಗೆ ಅಲೆಗಳು, ಅವುಗಳ ನಡುವಿನಿಂದ ಮೇಲೆದ್ದ ಬಂಡೆ, ಮೇಲೆ ಮೋಡಗಳು, ಒಂದು ಮೂಲೆಯಲ್ಲಿ ಕೆಂಪು ಸೂರ್ಯ. ಬಂಡೆಯ ಮೇಲೆ ನಿಂತ ಪಕ್ಷಿಯು ಸೂರ್ಯನ ಕಡೆಗೆ ಮುಖವೆತ್ತಿರುತ್ತದೆ. ಆ ಸೂರ್ಯನೇ ಚಕ್ರವರ್ತಿ. ಅಧಿಕಾರಿಯ ಪತ್ನಿಯೂ ಗಂಡನ ಪದವಿಯ ಲಾಂಛನವನ್ನೇ ಧರಿಸುತ್ತಿದ್ದಳು. ಆದರೆ ದಂಪತಿಗಳು ಒತ್ತಿನಲ್ಲಿ ಕುಳಿತಾಗ ಎರಡು ಹಕ್ಕಿಗಳೂ ಎದುರುಬದುರಾಗುವಂತೆ ಅವಳ ಹಕ್ಕಿ ತಿರುಗಿ ನಿಂತಿರುತ್ತಿತ್ತು.

ಮಿಂಗ್ ಕಾಲದಲ್ಲಿ ಲಾಂಛನವು ಅನೇಕ ವೇಳೆ ನಿಲುವಂಗಿಯ ಬಟ್ಟೆಯಲ್ಲಿಯೇ ನೇಯಲ್ಪಡುತ್ತಿತ್ತು. ಚಿಂಗ್ ಕಾಲದಲ್ಲಿ ಅದು ಸುಮಾರು 30 ಸೆಂಟಿಮೀಟರಿನ ಪ್ರತ್ಯೇಕ ಚೌಕವಾಗಿ, ಮೇಲಂಗಿಗೆ ಹೊಲಿಯಲ್ಪಡತೊಡಗಿತು. ಮೇಲಂಗಿಯು ಎದೆಯ ನಡುವೆ ತೆರೆಯುತ್ತಿದ್ದುದರಿಂದ ಮುಂದಿನ ಚೌಕವನ್ನು ಎರಡು ಹೋಳಾಗಿ ಸೀಳಬೇಕಾಯಿತು. ಸರ್ಕಾರವು ನಮೂನೆಯನ್ನು ವಿಧಿಸುತ್ತಿತ್ತೇ ಹೊರತು ಲಾಂಛನವನ್ನು ಕೊಡುತ್ತಿರಲಿಲ್ಲ. ಅದನ್ನು ಮಾಡಿಸಿಕೊಳ್ಳುವ ವೆಚ್ಚ ಅಧಿಕಾರಿಯದೇ. ಆದುದರಿಂದ ಧನಿಕನ ಲಾಂಛನದಲ್ಲಿ ಚಿನ್ನದ ಎಳೆ, ನವಿಲುಗರಿಯ ನೂಲು ಮಿನುಗಿದರೆ ಬಡವನದು ಸಾದಾ ರೇಷ್ಮೆಯಲ್ಲಿ ಮುಗಿಯುತ್ತಿತ್ತು. ಹತ್ತೊಂಬತ್ತನೆಯ ಶತಮಾನಕ್ಕೆ ಬರುವಷ್ಟರಲ್ಲಿ ಹಿನ್ನೆಲೆಯನ್ನೆಲ್ಲ ಮೊದಲೇ ಸಿದ್ಧಗೊಳಿಸಿ, ಹಕ್ಕಿಯನ್ನು ಮಾತ್ರ ಬೇರೆಯಾಗಿ ಕಸೂತಿಮಾಡಿ ಅಂಟಿಸುವ ರೂಢಿಯೂ ಬಂದಿತು. ಬಡ್ತಿ ದೊರೆತಾಗ ಹಳೆಯ ಹಕ್ಕಿಯನ್ನು ಬಿಚ್ಚಿ ಹೊಸದನ್ನು ಕೂಡಿಸಿದರೆ ಸಾಕು. ಹಿನ್ನೆಲೆಯಲ್ಲಿ ಬಾವಲಿಗಳೂ ಹೆಚ್ಚಾದುವು. ಚೀನೀ ಭಾಷೆಯಲ್ಲಿ ಬಾವಲಿಯ ಹೆಸರೂ ಭಾಗ್ಯವೆಂಬ ಶಬ್ದವೂ ಒಂದೇ ಉಚ್ಚಾರಣೆಯವು. ರಾಜ್ಯದ ಮುದ್ರೆಯೊಳಕ್ಕೆ ಹೀಗೆ ಮನೆಯ ಹಾರೈಕೆಗಳು ನುಸುಳಿದುವು.

ಇದೇ ಕಾಲದಲ್ಲಿ ಪದವಿಯೂ ವಿಕ್ರಯದ ವಸ್ತುವಾಯಿತು. ಹಣಕ್ಕೆ ಪದವಿ ಕೊಡುವ ಪದ್ಧತಿ ಮೊದಲೂ ಇದ್ದಿತಾದರೂ, 1850ರಿಂದ 1864ರವರೆಗೆ ನಡೆದ ತೈಪಿಂಗ್ ದಂಗೆಯ ವೆಚ್ಚವು ಬೊಕ್ಕಸವನ್ನು ಬರಿದುಮಾಡಿದಾಗ ಅದು ಮಿತಿಮೀರಿತು. ವರ್ಷಗಟ್ಟಲೆ ಓದಿ ಪರೀಕ್ಷೆಗಳಲ್ಲಿ ತೇರ್ಗಡೆಯಾದವನ ಎದೆಯ ಮೇಲಿನ ಹಕ್ಕಿಗೂ ಹಣ ತೆತ್ತವನ ಹಕ್ಕಿಗೂ ನೋಟದಲ್ಲಿ ಭೇದವಿರಲಿಲ್ಲ. ಆಧಾರದ ಚಿನ್ನವಿಲ್ಲದೆ ಅಚ್ಚಾದ ನೋಟಿನಂತೆ, ಲಾಂಛನದ ರೂಪ ಉಳಿದು ಬೆಲೆ ಇಳಿಯಿತು. ಅದರ ನಷ್ಟವು ಮುಖ್ಯವಾಗಿ ಬಿದ್ದುದು ಪ್ರಾಮಾಣಿಕವಾಗಿ ಪದವಿ ಗಳಿಸಿದವರ ಮೇಲೆ.

1905ರಲ್ಲಿ ಪರೀಕ್ಷಾ ಪದ್ಧತಿ ರದ್ದಾಯಿತು; 1912ರ ಫೆಬ್ರವರಿಯಲ್ಲಿ ಬಾಲಕ ಚಕ್ರವರ್ತಿ ಪುಯಿಯ ಹೆಸರಿನಲ್ಲಿ ಸಿಂಹಾಸನತ್ಯಾಗವಾಯಿತು. ಸೂರ್ಯನೇ ಇಲ್ಲವಾದ ಮೇಲೆ ಹಕ್ಕಿಗಳಿಗೆ ಕೆಲಸವಿರಲಿಲ್ಲ. ಅವುಗಳಲ್ಲಿ ಅನೇಕವು ಪರದೇಶದ ಸಂಗ್ರಾಹಕರ ಕೈಸೇರಿದುವು. ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿಯೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿಯೂ ಇಂದು ಅವುಗಳನ್ನು ಕಾಣಬಹುದು. ಅವುಗಳನ್ನು ಕಸೂತಿಯ ಸೊಬಗಿಗಾಗಿ ಮೆಚ್ಚುವುದು ಸಹಜ. ಆದರೆ ಆ ಸೊಬಗಿಗೆ ಒಂದು ಕಾಲದಲ್ಲಿ ಗೌರವ ತಂದಿದ್ದುದು ದಾರವಲ್ಲ, ಧರಿಸಿದವನು ಅದಕ್ಕೆ ತಕ್ಕವನೆಂದು ಜನರಿಗಿದ್ದ ವಿಶ್ವಾಸ. ಆ ವಿಶ್ವಾಸವನ್ನು ಮಾರಿದ ಸರ್ಕಾರಕ್ಕೆ ಅದನ್ನು ಮರಳಿ ಕೊಳ್ಳಲು ಸಾಧ್ಯವಾಗಲಿಲ್ಲ.