ಸಿಇಟಿ ಗಣಿತ: 60 ಲೆಕ್ಕ, 80 ನಿಮಿಷ, ಅದರ ಹಿಂದಿನ ಕಥೆ

ಬೇಸಿಗೆ ಬಂತೆಂದರೆ ಪಿಯುಸಿ ಸೈನ್ಸ್ ಓದಿದ ಮಕ್ಕಳಿರುವ ಮನೆಯಲ್ಲಿ ಸಿಇಟಿಯದೇ ಮಾತು. ಹಾಲ್‌ಟಿಕೆಟ್ ಬಂತಾ, ಸೆಂಟರ್ ಎಲ್ಲಿ ಬಿತ್ತು, ಯಾವ ಬಸ್ಸಿಗೆ ಹೋದರೆ ಟೈಮಿಗೆ ಮುಟ್ಟಬಹುದು ಎಂಬ ಲೆಕ್ಕಾಚಾರ. ಆದರೆ ಈ ಪರೀಕ್ಷೆ ಯಾಕೆ ಶುರುವಾಯಿತು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಪತ್ರಿಕೋದ್ಯಮಕ್ಕೆ ಬರುವ ಮುಂಚೆ ಸೈನ್ಸ್ ಓದಿ ಇದೇ ಪರೀಕ್ಷೆ ಬರೆದವರು ನಮ್ಮ ಬಳಗದಲ್ಲೂ ಇದ್ದೇವೆ. ಬರೆಯುವಾಗ ನಮಗೂ ಇದರ ಇತಿಹಾಸವನ್ನು ಯಾರೂ ಹೇಳಿರಲಿಲ್ಲ.

ಕಥೆ ಶುರುವಾಗುವುದು ಡೊನೇಷನ್‌ನಿಂದ. ಖಾಸಗಿ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಲ್ಲಿ ದುಡ್ಡಿದ್ದವರಿಗೆ ಸೀಟು ಎಂಬಂತಾಗಿತ್ತು. ಇದನ್ನು ತಡೆಯಲು ನಮ್ಮ ರಾಜ್ಯ 1984ರಲ್ಲೇ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಆದರೂ ಶುಲ್ಕದ ಅಂತರ ಉಳಿಯಿತು. 1989ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಖಾಸಗಿ ಮೆಡಿಕಲ್ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಿಗೆ ಕರ್ನಾಟಕದವರಾದರೆ 25,000, ಹೊರ ರಾಜ್ಯದವರಾದರೆ 60,000. ಆ ಕಾಲದಲ್ಲಿ 60,000 ಎಂದರೆ ಸಣ್ಣ ಮೊತ್ತವಲ್ಲ.

ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಗೆ ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಈ ಶುಲ್ಕ ಕಟ್ಟಲಾಗಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1992ರಲ್ಲಿ ಕೋರ್ಟು, ಶಿಕ್ಷಣ ಹಕ್ಕು, ಅದನ್ನು ಹೀಗೆ ಮಾರುವಂತಿಲ್ಲ ಎಂದಿತು. ಮರುವರ್ಷ, 1993ರ ಫೆಬ್ರವರಿಯಲ್ಲಿ, ಉನ್ನಿಕೃಷ್ಣನ್ ಪ್ರಕರಣದಲ್ಲಿ ಇನ್ನೊಂದು ತೀರ್ಪು ಬಂತು. ಖಾಸಗಿ ಕಾಲೇಜಿನ ಅರ್ಧ ಸೀಟು ಕಡಿಮೆ ಶುಲ್ಕದ್ದು, ಅರ್ಧ ಹೆಚ್ಚು ಶುಲ್ಕದ್ದು, ಎರಡನ್ನೂ ಮೆರಿಟ್ ನೋಡಿಯೇ ಕೊಡಬೇಕು ಎಂಬುದು ಅದರ ಸಾರ. ಮೆರಿಟ್ ಅಳೆಯಲು ಎಲ್ಲರಿಗೂ ಒಂದೇ ಪರೀಕ್ಷೆ ಬೇಕಾಯಿತು. ಹಾಗೆ 1994ರಲ್ಲಿ, ವೀರಪ್ಪ ಮೊಯ್ಲಿ ಮುಖ್ಯಮಂತ್ರಿಯಾಗಿದ್ದಾಗ, ಕರ್ನಾಟಕದಲ್ಲಿ ಸಿಇಟಿ ಶುರುವಾಯಿತು. ಕೈಯಲ್ಲಿ ಕಾಸಿಲ್ಲದ ರೈತನ ಮಗಳೂ ರ‍್ಯಾಂಕ್ ಹಿಡಿದುಕೊಂಡು ಬಂದು ಸೀಟು ಕೇಳುವ ದಾರಿ ತೆರೆಯಿತು.

ಇನ್ನು ಗಣಿತದ ಮಾತು. ಎಂಜಿನಿಯರಿಂಗ್ ಸೀಟಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಲೆಕ್ಕಕ್ಕೆ ಬರುತ್ತವೆ. ಒಂದೊಂದಕ್ಕೂ 60 ಪ್ರಶ್ನೆ, 60 ಅಂಕ, 80 ನಿಮಿಷ. ಅಂದರೆ ಒಂದು ಲೆಕ್ಕಕ್ಕೆ 80 ಸೆಕೆಂಡ್. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಆರಿಸಿ ಓಎಂಆರ್ ಹಾಳೆಯಲ್ಲಿ ವೃತ್ತ ತುಂಬಬೇಕು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ.

ಹಳ್ಳಿಯಿಂದ ಹೋದವರಿಗೆ ಕಷ್ಟ ಬರುವುದು ಇಲ್ಲೇ. ಬೋರ್ಡ್ ಪರೀಕ್ಷೆಯಲ್ಲಿ ಹಂತ ಹಂತಕ್ಕೂ ಅಂಕ ಸಿಗುತ್ತದೆ. ಕೊನೆಯ ಉತ್ತರ ತಪ್ಪಿದರೂ ನಾಲ್ಕು ಸಾಲು ಸರಿಯಿದ್ದರೆ ಅಷ್ಟಕ್ಕೆ ಬೆಲೆ ಇದೆ. ಸಿಇಟಿಯಲ್ಲಿ ಉತ್ತರಕ್ಕೆ ಮಾತ್ರ ಅಂಕ. ಒಂದು ಸರಳ ಉದಾಹರಣೆ ನೋಡಿ. x² − 7x + 12 = 0 ಎಂಬ ಸಮೀಕರಣ ಬಿಡಿಸಲು ನಾವು ಶಾಲೆಯಲ್ಲಿ ಅಪವರ್ತನ ಮಾಡಿ, ಸಾಲು ಸಾಲಾಗಿ ಬರೆದು, ಉತ್ತರದ ಕೆಳಗೆ ಗೆರೆ ಎಳೆಯುತ್ತಿದ್ದೆವು. ಸಿಇಟಿಗೆ ತಯಾರಾದವರು ಕೊಟ್ಟ ಉತ್ತರಗಳಲ್ಲೇ 3 ಹಾಕಿ ನೋಡುತ್ತಾರೆ: 9 − 21 + 12, ಸೊನ್ನೆ ಬಂತು, ಮುಂದೆ ಹೋಗು. ಈ ಚಾಲಾಕಿ ಪಠ್ಯಪುಸ್ತಕದಲ್ಲಿ ಇರುವುದಿಲ್ಲ. ಯಾರಾದರೂ ಹೇಳಿಕೊಡಬೇಕು, ಇಲ್ಲವೇ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ಬಿಡಿಸಿ ನಾವೇ ಕಂಡುಕೊಳ್ಳಬೇಕು.

ನಮ್ಮಲ್ಲಿ ಹೆಚ್ಚಿನವರು ಕಂಡುಕೊಂಡದ್ದು ಎರಡನೇ ದಾರಿಯಲ್ಲಿ. ಸೀನಿಯರ್‌ಗಳ ಹತ್ತಿರ ಹಳೆಯ ಪತ್ರಿಕೆ ಇಸಿದುಕೊಂಡು ಜೆರಾಕ್ಸ್ ಮಾಡಿಸಿ, ಗಡಿಯಾರ ಎದುರಿಗಿಟ್ಟುಕೊಂಡು ಬಿಡಿಸಿದ್ದು. ಅದಕ್ಕೂ ಮೊದಲು ಭಾಷೆ ದಾಟಬೇಕಿತ್ತು. ಹತ್ತನೇ ತರಗತಿವರೆಗೆ ತ್ರಿಕೋನಮಿತಿ, ಶ್ರೇಢಿ, ಸಂಭವನೀಯತೆ ಎಂದು ಕಲಿತದ್ದು ಪಿಯುಸಿಯಲ್ಲಿ ಟ್ರಿಗ್ನಾಮೆಟ್ರಿ, ಪ್ರೊಗ್ರೆಷನ್, ಪ್ರಾಬಬಿಲಿಟಿ ಆಯಿತು. ಲೆಕ್ಕ ಗೊತ್ತು, ಹೆಸರು ಗೊತ್ತಿಲ್ಲ. ಕೆಲವರಿಗೆ ಮೊದಲ ಪಿಯುಸಿಯ ಅರ್ಧ ವರ್ಷ ಇದರಲ್ಲೇ ಹೋಯಿತು. ಆದರೆ ಸಿಇಟಿಗೆ ಮೊದಲ ಪಿಯುಸಿಯ ಪಾಠವೂ ಬರುತ್ತದೆ.

ಈ ಏರುಪೇರು ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಒಂದರಿಂದ ಹತ್ತನೇ ತರಗತಿವರೆಗೆ ರಾಜ್ಯದ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕದ ಜತೆ ಪಿಯುಸಿ ಅಂಕವನ್ನೂ ಅರ್ಧರ್ಧ ಸೇರಿಸುವ ಪದ್ಧತಿ ಇದೆ. ಎರಡು ವರ್ಷ ನಿಧಾನವಾಗಿ, ಆಳವಾಗಿ ಓದಿದವರ ಶ್ರಮ ಆ ಅರ್ಧದಲ್ಲಿ ಉಳಿಯುತ್ತದೆ.

ಆದರೆ ನಿಯಮ ಅಲುಗಾಡಿದಾಗ ಪೆಟ್ಟು ಬೀಳುವುದು ಮಕ್ಕಳಿಗೆ. ಕೋವಿಡ್‌ನಿಂದ 2021ರಲ್ಲಿ ಪಿಯು ಪರೀಕ್ಷೆ ನಡೆಯದೆ ರ‍್ಯಾಂಕನ್ನು ಸಿಇಟಿ ಅಂಕದ ಮೇಲೆಯೇ ಕೊಟ್ಟರು. ಆ ಬ್ಯಾಚಿನವರು 2022ರಲ್ಲಿ ಮತ್ತೆ ಬರೆದಾಗ ಅವರ ಪಿಯು ಅಂಕ ಪರಿಗಣಿಸಲಿಲ್ಲ, ವಿಷಯ ಹೈಕೋರ್ಟಿಗೆ ಹೋಯಿತು. 2024ರಲ್ಲಿ ಪಠ್ಯದಿಂದ ಕೈಬಿಟ್ಟಿದ್ದ ಭಾಗದ ಪ್ರಶ್ನೆಗಳು ಗಣಿತವೂ ಸೇರಿ ನಾಲ್ಕೂ ವಿಷಯಗಳಲ್ಲಿ ಬಂದವು. ಗಲಾಟೆಯಾದ ಮೇಲೆ ಅಂಥ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಬಿಟ್ಟರು. ಓದದ ಲೆಕ್ಕದ ಮುಂದೆ ಕೂತು ಕಳೆದ ನಿಮಿಷಗಳನ್ನು ಯಾರೂ ವಾಪಸ್ ಕೊಡಲಿಲ್ಲ.

ದುಡ್ಡಿನ ಆಟ ತಪ್ಪಿಸಲು ಬಂದ ಪರೀಕ್ಷೆಯ ಸುತ್ತ ಈಗ ಕೋಚಿಂಗ್ ಬೆಳೆದಿದೆ. ಸೀಟಿನ ಬಾಗಿಲಲ್ಲಿ ಕೇಳುತ್ತಿದ್ದ ದುಡ್ಡನ್ನು ಈಗ ಎರಡು ವರ್ಷ ಮುಂಚೆಯೇ ಕೇಳುತ್ತಾರೆ. ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜುಗಳಲ್ಲಿ ಗಣಿತ ಉಪನ್ಯಾಸಕರ ಹುದ್ದೆ ಖಾಲಿ ಬಿಡದೆ, ವಾರಕ್ಕೊಮ್ಮೆ 80 ನಿಮಿಷದ ಪರೀಕ್ಷೆ ಇಟ್ಟರೂ ಬಹಳಷ್ಟು ಸರಿಹೋಗುತ್ತದೆ. ಕಾಲೇಜು ಅಭಿವೃದ್ಧಿ ಸಮಿತಿಯಲ್ಲಿ ಇರುವವರು ಇದನ್ನು ಕೇಳಬೇಕು.

ಮಕ್ಕಳಿಗೆ ನಮ್ಮ ಮಾತು ಇಷ್ಟು. ಹಳೆಯ ಪತ್ರಿಕೆಗಳನ್ನು ಗಡಿಯಾರ ಇಟ್ಟೇ ಬಿಡಿಸಿ. ಗೊತ್ತಿಲ್ಲದ ಲೆಕ್ಕಕ್ಕೆ ಅಂಟಿಕೊಳ್ಳಬೇಡಿ, ಆದರೆ ಕೊನೆಗೆ ಒಂದು ವೃತ್ತವನ್ನೂ ಖಾಲಿ ಬಿಡಬೇಡಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಬೇಕು. ಕೊನೇ ಗಳಿಗೆಗೆ ಇಟ್ಟುಕೊಳ್ಳದೆ ಈ ವಾರವೇ ಶಾಲೆಗೆ ಹೋಗಿ ಬರೆಸಿಕೊಳ್ಳಿ.